ಎರವಲಿನ ಊರುಗೋಲು

ರೋಗವು ಮನೆಗೆ ಬರುವಾಗ ಒಂಟಿಯಾಗಿ ಬರುವುದಿಲ್ಲ. ಅದರ ಬೆನ್ನಹಿಂದೆ ಹಲವು ವಸ್ತುಗಳೂ ಬರುತ್ತವೆ. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ವೃದ್ಧನಿಗಾಗಿ ತಲೆದೆಸೆಯನ್ನು ಎತ್ತರಿಸಬಲ್ಲ ಕಬ್ಬಿಣದ ಮಂಚ ಬರುತ್ತದೆ. ಸೊಂಟದ ಮೂಳೆ ಮುರಿದ ಅಜ್ಜಿಗಾಗಿ ನಾಲ್ಕು ಕಾಲಿನ ನಡೆಗೋಲು ಬರುತ್ತದೆ. ಗಾಲಿಕುರ್ಚಿ, ಗಾಳಿಹಾಸಿಗೆ, ಊರುಗೋಲು, ಉಸಿರಾಟಕ್ಕೆ ನೆರವಾಗುವ ಯಂತ್ರ, ಹೀಗೆ ಒಂದೊಂದಾಗಿ ಮನೆಯನ್ನು ತುಂಬುತ್ತವೆ. ಕೆಲವು ತಿಂಗಳು ಕಳೆಯುತ್ತವೆ. ರೋಗಿ ಗುಣಹೊಂದುತ್ತಾನೆ, ಇಲ್ಲವೆ ಕಾಲವಶನಾಗುತ್ತಾನೆ. ರೋಗವೇನೋ ಹೊರಟುಹೋಗುತ್ತದೆ, ಆದರೆ ಅದರೊಡನೆ ಬಂದ ವಸ್ತುಗಳು ಹೋಗುವುದಿಲ್ಲ. ಗಾಲಿಕುರ್ಚಿ ಅಟ್ಟವನ್ನು ಸೇರುತ್ತದೆ. ಮಂಚದ ಮೇಲೆ ಹಳೆಯ ಪೆಟ್ಟಿಗೆಗಳು ಕೂರುತ್ತವೆ. ಅದೇ ಬೀದಿಯ ಇನ್ನೊಂದು ಮನೆಯಲ್ಲಿ, ಅದೇ ದಿನ, ಒಬ್ಬ ತಾಯಿಯು ಕಾಲು ಮುರಿದ ಮಗನನ್ನು ಬಚ್ಚಲಿಗೆ ಎತ್ತಿಕೊಂಡು ಹೋಗುತ್ತಿರುತ್ತಾಳೆ. ಎರಡು ಮನೆಗಳ ನಡುವೆ ಇರುವುದು ಹತ್ತು ಮಾರಿನ ಹಾದಿ. ಆ ಹಾದಿಯನ್ನು ಕ್ರಮಿಸಲಾರದೆ ಗಾಲಿಯುಳ್ಳ ಕುರ್ಚಿಯೇ ಅಟ್ಟದಲ್ಲಿ ನಿಂತಿರುತ್ತದೆ.

ಇಂಥ ಸಾಧನಗಳ ಅಗತ್ಯವು ಎರಡು ಬಗೆಯಾದುದು. ಒಂದು ಶಾಶ್ವತವಾದುದು, ಇನ್ನೊಂದು ತಾತ್ಕಾಲಿಕವಾದುದು. ಶಾಶ್ವತವಾಗಿ ಅಂಗವಿಕಲರಾದವರ ವಿಷಯದಲ್ಲಿ ಸರ್ಕಾರವು ತನ್ನ ಹೊಣೆಯನ್ನು ಒಪ್ಪಿಕೊಂಡಿದೆ. ಕೃತಕ ಅಂಗಗಳನ್ನು ತಯಾರಿಸುವ ನಿಗಮವೊಂದು ೧೯೭೨ರಲ್ಲಿ ಕಾನ್ಪುರದಲ್ಲಿ ಸ್ಥಾಪಿತವಾಯಿತು. ೧೯೮೧ರಿಂದ ಅಂಗವಿಕಲರಿಗೆ ಸಾಧನ ಸಲಕರಣೆಗಳನ್ನು ಒದಗಿಸುವ ಕೇಂದ್ರ ಸರ್ಕಾರದ ಯೋಜನೆಯೊಂದು ನಡೆದುಬಂದಿದೆ. ಆದರೆ ಎರಡನೆಯ ಬಗೆಯ ಅಗತ್ಯಕ್ಕೆ ಇಂಥ ಆಸರೆಯಿಲ್ಲ. ಮರದಿಂದ ಬಿದ್ದು ಕಾಲು ಮುರಿದುಕೊಂಡ ಕೂಲಿಕಾರನಿಗೆ ಊರುಗೋಲು ಬೇಕಾಗುವುದು ಎರಡು ಮೂರು ತಿಂಗಳು ಮಾತ್ರ. ಆತನಿಗೆ ಅಂಗವೈಕಲ್ಯದ ಪ್ರಮಾಣಪತ್ರ ದೊರೆಯುವುದಿಲ್ಲ, ದೊರೆಯಬೇಕಾಗಿಯೂ ಇಲ್ಲ. ಕೊನೆಯ ದಿನಗಳನ್ನು ಮನೆಯಲ್ಲಿಯೇ ಕಳೆಯಬಯಸುವ ಕ್ಯಾನ್ಸರ್ ರೋಗಿಗೆ ಮಂಚವೂ ಗಾಳಿಹಾಸಿಗೆಯೂ ಬೇಕಾಗುವುದು ಕೆಲವು ವಾರಗಳಿಗೆ. ಅಷ್ಟು ಕಾಲಕ್ಕಾಗಿ ಹೊಸದನ್ನು ಕೊಳ್ಳಲು ಬಡವನಿಗೆ ಶಕ್ತಿಯಿಲ್ಲ. ಮಧ್ಯಮ ವರ್ಗದವನು ಸಾಲ ಮಾಡಿ ಕೊಂಡರೂ ಅದು ಮುಂದೆ ಅಟ್ಟದ ಪಾಲಾಗುತ್ತದೆ. ಹೀಗೆ ಒಂದು ಕಡೆ ಕೊರತೆ, ಇನ್ನೊಂದು ಕಡೆ ವ್ಯರ್ಥ. ಈ ಎರಡನ್ನೂ ಒಟ್ಟಿಗೆ ನೀಗಿಸಬಲ್ಲ ಉಪಾಯವೆಂದರೆ ಎರವಲು.

ಎರವಲು ಎಂಬುದು ಕನ್ನಡ ನಾಡಿಗೆ ಹೊಸದಲ್ಲ. ಹಳ್ಳಿಯ ಪ್ರತಿಯೊಂದು ಮನೆಯಲ್ಲಿಯೂ ಐನೂರು ಜನರಿಗೆ ಅನ್ನ ಬೇಯಿಸುವ ಕೊಪ್ಪರಿಗೆ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಎಷ್ಟೋ ಊರುಗಳಲ್ಲಿ ದೇವಸ್ಥಾನದ ಉಗ್ರಾಣದಲ್ಲಿಯೋ ಸಮುದಾಯದ ಮನೆಯಲ್ಲಿಯೋ ದೊಡ್ಡ ಪಾತ್ರೆಗಳನ್ನು ಇಟ್ಟಿರುವ ರೂಢಿಯುಂಟು. ಮದುವೆಯ ಮನೆಯವರು ಅವನ್ನು ಒಯ್ಯುತ್ತಾರೆ. ಕೆಲಸ ಮುಗಿದ ಮೇಲೆ ಬೆಳಗಿ, ಎಣಿಸಿ, ಹಿಂದಿರುಗಿಸುತ್ತಾರೆ. ಶ್ರೀಮಂತನೂ ಅವನ್ನೇ ಒಯ್ಯುತ್ತಾನೆ, ಬಡವನೂ ಅವನ್ನೇ ಒಯ್ಯುತ್ತಾನೆ. ಒಯ್ಯುವುದರಲ್ಲಿ ಯಾರಿಗೂ ನಾಚಿಕೆಯಿಲ್ಲ. ಶುಭಕಾರ್ಯಕ್ಕೆ ಊರೆಲ್ಲ ಕೂಡಿ ಪಾತ್ರೆಗಳನ್ನು ಕಾಯ್ದಿರಿಸಬಹುದಾದರೆ, ಕಷ್ಟಕಾಲಕ್ಕೆ ಊರೆಲ್ಲ ಕೂಡಿ ಒಂದು ಗಾಲಿಕುರ್ಚಿಯನ್ನು ಏಕೆ ಕಾಯ್ದಿರಿಸಬಾರದು? ಮದುವೆಯಾದರೂ ಎಲ್ಲ ಮನೆಗಳಲ್ಲಿ ನಡೆಯದೆ ಇರಬಹುದು. ಮುಪ್ಪು ಮತ್ತು ಕಾಯಿಲೆ ಯಾವ ಮನೆಯನ್ನೂ ಬಿಟ್ಟವಲ್ಲ.

ಈ ಉಪಾಯವು ಎಷ್ಟು ದೂರ ಬೆಳೆಯಬಲ್ಲುದೆಂಬುದಕ್ಕೆ ಜೆರುಸಲೇಮಿನ ಒಂದು ಸಂಸ್ಥೆಯ ಕಥೆ ಉತ್ತಮ ನಿದರ್ಶನ. ಯೆಹೂದ್ಯರಲ್ಲಿ ನೆರೆಹೊರೆಯವರಿಗೆ ಬಡ್ಡಿಯಿಲ್ಲದೆ ಹಣವನ್ನೂ ಬಾಡಿಗೆಯಿಲ್ಲದೆ ವಸ್ತುಗಳನ್ನೂ ಎರವಲು ಕೊಡುವ ಹಳೆಯ ಸಂಪ್ರದಾಯವಿದೆ. ಆ ನಗರದ ಚಳಿಗಾಲದಲ್ಲಿ ಊರಿ ಲುಪೋಲಿಯಾನ್‌ಸ್ಕಿ ಎಂಬ ತರುಣ ಉಪಾಧ್ಯಾಯರ ಮನೆಯ ಮಗುವಿಗೆ ಉಸಿರಾಟದ ತೊಂದರೆಯಾಯಿತು. ಹಬೆಯನ್ನು ಕೊಡುವ ಒಂದು ಚಿಕ್ಕ ಯಂತ್ರವನ್ನು ನೆರೆಯವರಿಂದ ಎರವಲು ತಂದರು. ಮಗು ಚೇತರಿಸಿಕೊಂಡಿತು. ಇಂಥದೇ ತೊಂದರೆ ಬೇರೆ ಮನೆಗಳಲ್ಲಿಯೂ ಇರುವುದನ್ನು ಅರಿತ ಅವರು ಅಂಥ ಕೆಲವು ಯಂತ್ರಗಳನ್ನು ಕೊಂಡು ತಮ್ಮ ಮನೆಯಿಂದಲೇ ಎರವಲು ಕೊಡತೊಡಗಿದರು. ಜನರು ತಮ್ಮಲ್ಲಿ ಬಿದ್ದಿದ್ದ ಊರುಗೋಲುಗಳನ್ನೂ ಕುರ್ಚಿಗಳನ್ನೂ ತಂದು ಕೊಟ್ಟರು. ೧೯೭೬ರಲ್ಲಿ ಅದು ಒಂದು ಸಂಸ್ಥೆಯ ರೂಪವನ್ನು ತಾಳಿತು. ನಾಜಿಗಳ ಹತ್ಯಾಕಾಂಡದಲ್ಲಿ ಅಳಿದ ತಮ್ಮ ಅಜ್ಜಿಯ ನೆನಪಿಗಾಗಿ ಅವರು ಅದಕ್ಕೆ 'ಯಾದ್ ಸಾರಾ' ಎಂದು ಹೆಸರಿಟ್ಟರು. ಹೀಬ್ರೂ ಭಾಷೆಯಲ್ಲಿ 'ಯಾದ್' ಎಂಬ ಪದಕ್ಕೆ ಕೈ ಎಂಬ ಅರ್ಥವೂ ಉಂಟು, ಸ್ಮಾರಕ ಎಂಬ ಅರ್ಥವೂ ಉಂಟು. ಇಂದು ಆ ಸಂಸ್ಥೆಗೆ ಇಸ್ರೇಲಿನಾದ್ಯಂತ ನೂರಕ್ಕೂ ಹೆಚ್ಚು ಶಾಖೆಗಳಿವೆ. ಸಾವಿರಾರು ಸ್ವಯಂಸೇವಕರು ಅದನ್ನು ನಡೆಸುತ್ತಿದ್ದಾರೆ. ಒಯ್ಯುವವರು ಒಂದಿಷ್ಟು ಹಣವನ್ನು ಠೇವಣಿಯಾಗಿ ಇಡುತ್ತಾರೆ. ವಸ್ತುವನ್ನು ಮರಳಿಸಿದಾಗ ಹಣವೂ ಮರಳುತ್ತದೆ. ಒಂದು ಮಗುವಿನ ಉಸಿರಾಟದ ಕಷ್ಟದಿಂದ ಹುಟ್ಟಿದ ಕಾರ್ಯವು ಒಂದು ದೇಶದ ವ್ಯವಸ್ಥೆಯೇ ಆಯಿತು.

ಅಷ್ಟು ದೂರ ಹೋಗದೆ ನೆರೆಯ ಕೇರಳವನ್ನು ನೋಡಿದರೂ ಸಾಕು. ಗುಣವಾಗದ ರೋಗಗಳಿಂದ ನರಳುವವರ ನೋವನ್ನು ಶಮನಗೊಳಿಸುವುದಕ್ಕಾಗಿ ೧೯೯೩ರಲ್ಲಿ ಕೋಳಿಕ್ಕೋಡಿನಲ್ಲಿ ಒಂದು ಸಂಘವು ಹುಟ್ಟಿತು. ಕ್ರಮೇಣ ಆ ಕಾರ್ಯವು ವೈದ್ಯರ ಕೈಯಿಂದ ನೆರೆಹೊರೆಯವರ ಕೈಗೂ ಬಂದಿತು. ಊರೂರಿನ ಸ್ವಯಂಸೇವಕರು ರೋಗಿಗಳ ಮನೆಗೆ ಹೋಗಿ ಶುಶ್ರೂಷೆಗೆ ನೆರವಾದರು. ಗಾಳಿಹಾಸಿಗೆ, ಗಾಲಿಕುರ್ಚಿಗಳನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸಿದರು. ೨೦೦೮ರಲ್ಲಿ ಕೇರಳ ಸರ್ಕಾರವು ಈ ಬಗೆಯ ಆರೈಕೆಗಾಗಿ ಒಂದು ನೀತಿಯನ್ನೇ ಘೋಷಿಸಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ವಸ್ತುವನ್ನು ಒಮ್ಮೆಗೇ ದಾನವಾಗಿ ಕೊಟ್ಟುಬಿಡುವುದು ದೊಡ್ಡತನವಲ್ಲವೆ? ಹಿಂದಿರುಗಿಸಬೇಕೆಂಬ ಕರಾರಿನೊಡನೆ ಕೊಡುವುದು ಜಿಪುಣತನವಾಗುವುದಿಲ್ಲವೆ? ಹಾಗೆ ತೋರುವುದು ಸಹಜ. ಆದರೆ ವಿಚಾರ ಮಾಡಿದರೆ ಎರವಲು ದಾನಕ್ಕಿಂತ ಎರಡು ವಿಷಯಗಳಲ್ಲಿ ಮೇಲೆಂಬುದು ಗೊತ್ತಾಗುತ್ತದೆ. ಮೊದಲನೆಯದು ಲೆಕ್ಕದ ಮಾತು. ಒಂದು ಗಾಲಿಕುರ್ಚಿಯನ್ನು ಒಬ್ಬನಿಗೆ ದಾನ ಮಾಡಿದರೆ ಅದು ಒಬ್ಬನಿಗೆ ಆಗುತ್ತದೆ. ಮೂರು ಮೂರು ತಿಂಗಳಿಗೆ ಒಬ್ಬೊಬ್ಬರಂತೆ ಎರವಲು ಕೊಟ್ಟರೆ ಐದು ವರ್ಷಗಳಲ್ಲಿ ಅದೇ ಕುರ್ಚಿ ಇಪ್ಪತ್ತು ಮನೆಗಳನ್ನು ಹೊಗುತ್ತದೆ. ಎರಡನೆಯದು ಮನಸ್ಸಿನ ಮಾತು. ದಾನವನ್ನು ಪಡೆದವನು ಕೊಟ್ಟವನ ಎದುರಿನಲ್ಲಿ ಎಂದೆಂದಿಗೂ ಸ್ವಲ್ಪ ತಗ್ಗಿಯೇ ನಿಲ್ಲಬೇಕಾಗುತ್ತದೆ. ಎರವಲು ತಂದವನು ಹಾಗಲ್ಲ. ಅವನು ವಸ್ತುವನ್ನು ಒರೆಸಿ, ಶುಚಿಗೊಳಿಸಿ, ಮರಳಿಸುವ ದಿನ ಅವನ ಋಣ ತೀರುತ್ತದೆ. ಅಷ್ಟೇ ಅಲ್ಲ, ಮುಂದೆ ಅದನ್ನು ಬಳಸಲಿರುವ ಕಾಣದ ರೋಗಿಗೆ ಅವನೇ ದಾತನಾಗುತ್ತಾನೆ. ಪಡೆಯುವವನನ್ನು ಕೊಡುವವನನ್ನಾಗಿ ಮಾಡುವ ಶಕ್ತಿ ದಾನಕ್ಕಿಲ್ಲ; ಎರವಲಿಗೆ ಇದೆ.

ಹಾಗೆಂದು ದಾನಕ್ಕೆ ಸ್ಥಾನವಿಲ್ಲವೆಂದಲ್ಲ. ಎರವಲಿನ ಉಗ್ರಾಣ ತುಂಬುವುದೇ ದಾನದಿಂದ. ಆದರೆ ಆ ದಾನವು ಎಂಥದಾಗಿರಬೇಕೆಂಬುದನ್ನು ಕಠೋಪನಿಷತ್ತಿನ ನಚಿಕೇತನ ಕಥೆ ಬಹು ಹಿಂದೆಯೇ ತಿಳಿಸಿದೆ. ಅವನ ತಂದೆ ಯಾಗದಲ್ಲಿ ಗೋವುಗಳನ್ನು ದಾನ ಮಾಡುತ್ತಿದ್ದನು. ಅವೆಲ್ಲ ಬತ್ತಿದ ಕೆಚ್ಚಲಿನ, ಶಕ್ತಿಗುಂದಿದ ಮುದಿ ಹಸುಗಳು. ಇಂಥ ದಾನದಿಂದ ತಂದೆಗೆ ಯಾವ ಪುಣ್ಯ ಬಂದೀತೆಂದು ಬಾಲಕನು ಕಳವಳಗೊಂಡನು. ಹಳೆಯ ವೈದ್ಯಕೀಯ ಸಲಕರಣೆಗಳನ್ನು ಕೊಡುವವರೆಲ್ಲರೂ ನಚಿಕೇತನ ಕಳವಳವನ್ನು ತಮ್ಮದಾಗಿ ಮಾಡಿಕೊಳ್ಳಬೇಕು. ಚಕ್ರ ತಿರುಗದ ಕುರ್ಚಿ, ತೂತು ಬಿದ್ದ ಗಾಳಿಹಾಸಿಗೆ, ಬಿಡಿಭಾಗ ದೊರೆಯದ ಯಂತ್ರ ಇವೆಲ್ಲ ಬತ್ತಿದ ಗೋವುಗಳೇ. ಇವನ್ನು ಕೊಟ್ಟವನ ಮನೆ ಖಾಲಿಯಾಗುತ್ತದೆ. ಪಡೆದವನ ಮನೆ ಕಸದಿಂದ ತುಂಬುತ್ತದೆ.

ಇದು ಕೇವಲ ಊಹೆಯ ಮಾತಲ್ಲ. ೧೬ ದೇಶಗಳ ಒಂದು ಲಕ್ಷಕ್ಕೂ ಮಿಕ್ಕ ವೈದ್ಯಕೀಯ ಉಪಕರಣಗಳ ಲೆಕ್ಕವನ್ನು ಪರಿಶೀಲಿಸಿ ೨೦೧೧ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಅವುಗಳಲ್ಲಿ ನೂರಕ್ಕೆ ಸುಮಾರು ೩೮ ಕೆಲಸ ಮಾಡದೆ ನಿಂತಿದ್ದುವೆಂದು ತಿಳಿಸಿತು. ಬಳಸಲು ತರಬೇತಿ ಪಡೆದವರಿಲ್ಲದಿರುವುದು, ದುರಸ್ತಿಯ ಏರ್ಪಾಡಿಲ್ಲದಿರುವುದು, ತಕ್ಕ ವಿದ್ಯುತ್ತು ನೀರುಗಳಿಲ್ಲದಿರುವುದು ಇದಕ್ಕೆ ಮುಖ್ಯ ಕಾರಣಗಳು. ಶ್ರೀಮಂತ ದೇಶಗಳು ಉದಾರವಾಗಿ ಕಳುಹಿಸಿದ ಯಂತ್ರಗಳು ಬಡದೇಶಗಳ ಆಸ್ಪತ್ರೆಗಳ ಮೂಲೆಯಲ್ಲಿ ತುಕ್ಕು ಹಿಡಿಯುವುದನ್ನು ಕಂಡು ವಿಶ್ವ ಆರೋಗ್ಯ ಸಂಸ್ಥೆಯು ಇಂಥ ದಾನಕ್ಕೆ ಮಾರ್ಗದರ್ಶಕ ಸೂತ್ರಗಳನ್ನು ರೂಪಿಸಬೇಕಾಯಿತು. ಪಡೆಯುವವನನ್ನು ಕೇಳಿ ಕೊಡಬೇಕು ಎಂಬುದು ಆ ಸೂತ್ರಗಳ ಸಾರ.

'ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು' ಎಂಬ ಗಾದೆಯೊಂದಿದೆ. ಪುಕ್ಕಟೆಯಾಗಿ ಬಂದದ್ದನ್ನು ಅಳೆದು ನೋಡುವುದು ಕೃತಘ್ನತೆಯೆಂಬುದು ಅದರ ಇಂಗಿತ. ದಟ್ಟಿಯ ವಿಷಯದಲ್ಲಿ ಈ ಮಾತು ಸರಿಯಿರಬಹುದು. ಊರುಗೋಲಿನ ವಿಷಯದಲ್ಲಿ ಮೊಳ ಹಾಕಲೇಬೇಕು. ಕಂಕುಳ ಊರುಗೋಲಿನ ಮೇಲ್ತುದಿಯು ಕಂಕುಳಿಗಿಂತ ಎರಡು ಮೂರು ಬೆರಳಗಲ ಕೆಳಗಿರಬೇಕು. ಮೈಭಾರವು ಅಂಗೈಯ ಮೇಲೆ ಬೀಳಬೇಕು. ಅದು ಉದ್ದವಾಗಿ ಕಂಕುಳನ್ನೇ ಒತ್ತಿದರೆ ಅಲ್ಲಿಯ ನರಗಳು ನೊಂದು ಕೈ ಸೋಲುತ್ತದೆ. ಕಾಲಿಗಾಗಿ ತಂದ ಆಸರೆಯಿಂದ ಕೈಯನ್ನು ಕಳೆದುಕೊಂಡಂತಾಗುತ್ತದೆ. ಕೈಗೋಲಿನ ಹಿಡಿಯು ತೋಳನ್ನು ಇಳಿಬಿಟ್ಟಾಗ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಗಾಲಿಕುರ್ಚಿ ಮೈಗೆ ಹೊಂದದೆ ಅಗಲವಾದರೆ ಬೆನ್ನು ವಾಲುತ್ತದೆ. ಮೆತ್ತೆಯಿಲ್ಲದಿದ್ದರೆ, ಸ್ಪರ್ಶಜ್ಞಾನವಿಲ್ಲದವನ ಮೈಯಲ್ಲಿ ಒತ್ತುಹುಣ್ಣು ಏಳುತ್ತದೆ. ಆ ಹುಣ್ಣು ನಂಜಾಗಿ ಪ್ರಾಣವನ್ನೇ ಕೊಂಡೊಯ್ದ ಉದಾಹರಣೆಗಳುಂಟು.

ಕನ್ನಡಕಗಳ ಕಥೆ ಇದಕ್ಕಿಂತ ಬೋಧಪ್ರದವಾದುದು. ಹಳೆಯ ಕನ್ನಡಕಗಳನ್ನು ಸಂಗ್ರಹಿಸಿ ಬಡವರಿಗೆ ಹಂಚುವುದು ಎಲ್ಲೆಡೆಯೂ ಮೆಚ್ಚುಗೆ ಪಡೆದ ಸೇವೆ. ಆದರೆ ೨೦೧೨ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಹಾಗೆ ಬಂದ ಕನ್ನಡಕಗಳಲ್ಲಿ ಬಳಕೆಗೆ ಯೋಗ್ಯವಾದವು ನೂರಕ್ಕೆ ೭ ಮಾತ್ರ. ಅವನ್ನು ಆರಿಸಿ, ಅಳೆದು, ಸಾಗಿಸುವ ವೆಚ್ಚವು ಹೊಸ ಸಿದ್ಧ ಕನ್ನಡಕದ ಬೆಲೆಯನ್ನೇ ಮೀರಿತು. ಒಬ್ಬನ ಕಣ್ಣಿಗಾಗಿ ಉಜ್ಜಿದ ಗಾಜು ಇನ್ನೊಬ್ಬನ ಕಣ್ಣಿಗೆ ಹೊಂದುವುದು ಅಪರೂಪ. ಆದ್ದರಿಂದ ಹಳೆಯದೆಲ್ಲವೂ ಕೊಡತಕ್ಕದ್ದಲ್ಲ. ಒಬ್ಬರಿಂದ ಒಬ್ಬರಿಗೆ ದಾಟಬಲ್ಲ ವಸ್ತುಗಳು ಯಾವುವು, ದಾಟಲಾರದವು ಯಾವುವು ಎಂಬ ವಿವೇಕ ಮೊದಲು ಬೇಕು. ಮಂಚ, ಗಾಲಿಕುರ್ಚಿ, ಎತ್ತರವನ್ನು ಹೊಂದಿಸಬಹುದಾದ ಊರುಗೋಲು ದಾಟಬಲ್ಲವು. ಸೂಜಿ, ನಳಿಕೆ, ಮೂಗಿಗೆ ಹಾಕುವ ಕೊಳವೆ, ಮುಖಕ್ಕೆ ಕಟ್ಟುವ ಮುಸುಕು ಇವು ದಾಟತಕ್ಕವಲ್ಲ. ಯಂತ್ರವು ಹಲವರದಾಗಬಹುದು, ಮೈಯನ್ನು ಹೊಗುವ, ಉಸಿರನ್ನು ಮುಟ್ಟುವ ಭಾಗಗಳು ಮಾತ್ರ ಪ್ರತಿಯೊಬ್ಬರಿಗೂ ಹೊಸದಾಗಿಯೇ ಇರಬೇಕು. ಉಳಿದ ಔಷಧಿಗಳನ್ನಂತೂ ವೈದ್ಯರ ಮಾತಿಲ್ಲದೆ ಕೊಡಲೂಬಾರದು, ಕೊಳ್ಳಲೂಬಾರದು.

ಸಾಧನವು ದೇಹಕ್ಕೆ ಮಾತ್ರವಲ್ಲ, ಜೀವನಕ್ರಮಕ್ಕೂ ಹೊಂದಬೇಕು. ಜಯಪುರದ ಆಸ್ಪತ್ರೆಯೊಂದರಲ್ಲಿ ವೈದ್ಯ ಪ್ರಮೋದ್ ಕರಣ್ ಸೇಠಿಯವರೂ ಕುಶಲಕರ್ಮಿ ರಾಮಚಂದ್ರ ಶರ್ಮರೂ ೧೯೬೮ರಲ್ಲಿ ಹೊಸ ಬಗೆಯ ಕೃತಕ ಪಾದವನ್ನು ರೂಪಿಸಿದ್ದು ಈ ಸತ್ಯವನ್ನು ಕಂಡುಕೊಂಡುದರಿಂದಲೇ. ಅಂದಿನ ಪಾಶ್ಚಾತ್ಯ ಮಾದರಿಯ ಕೃತಕ ಕಾಲಿಗೆ ಬೂಟು ಅಗತ್ಯವಾಗಿತ್ತು. ಕೆಸರುಗದ್ದೆಯಲ್ಲಿ ಬರಿಗಾಲಿನಲ್ಲಿ ನಡೆಯುವ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ರೈತನಿಗೆ ಅದರಿಂದ ಪ್ರಯೋಜನವಿರಲಿಲ್ಲ. ಜಯಪುರ ಪಾದವು ಅವನ ನೆಲವನ್ನೂ ನಡೆಯನ್ನೂ ಅರಿತು ಹುಟ್ಟಿತು. ಎರವಲು ಕೊಡುವವನಿಗೂ ಇದೇ ಅರಿವು ಬೇಕು. ಹೊಸ್ತಿಲು ದಾಟಲಾರದ ಗಾಲಿಕುರ್ಚಿಯನ್ನು ಕೊಡುವ ಮುನ್ನ ಆ ಮನೆಯ ಬಾಗಿಲಿನ ಅಗಲವನ್ನು ಕೇಳುವುದು ಒಳ್ಳೆಯದು.

ವ್ಯವಸ್ಥೆಯಿಲ್ಲದ ಔದಾರ್ಯವು ಹೇಗೆ ಸೊರಗುವುದೆಂಬುದಕ್ಕೆ ಇತ್ತೀಚಿನ ಒಂದು ಅನುಭವವೇ ಸಾಕ್ಷಿ. ೨೦೨೧ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕೊರೋನಾದ ಎರಡನೆಯ ಅಲೆ ಭಾರತವನ್ನು ಅಪ್ಪಳಿಸಿದಾಗ ಆಮ್ಲಜನಕಕ್ಕಾಗಿ ಹಾಹಾಕಾರವೆದ್ದಿತು. ಆಗ ಆಮ್ಲಜನಕ ಸಾಂದ್ರಕವೆಂಬ ಯಂತ್ರದ ಹೆಸರು ಮನೆಮಾತಾಯಿತು. ಗಾಳಿಯಲ್ಲಿ ಆಮ್ಲಜನಕವಿರುವುದು ನೂರಕ್ಕೆ ಸುಮಾರು ೨೧ ಭಾಗ. ಹೆಚ್ಚಿನ ಪಾಲು ಸಾರಜನಕ. ಈ ಯಂತ್ರದೊಳಗಿನ ಜಿಯೋಲೈಟ್ ಎಂಬ ಖನಿಜದ ಹರಳುಗಳು ಸಾರಜನಕವನ್ನು ಹಿಡಿದಿಟ್ಟುಕೊಂಡು ನೂರಕ್ಕೆ ತೊಂಬತ್ತರಷ್ಟು ಶುದ್ಧವಾದ ಆಮ್ಲಜನಕವನ್ನು ಹೊರಬಿಡುತ್ತವೆ. ದೇಶ ವಿದೇಶಗಳಿಂದ ಇಂಥ ಯಂತ್ರಗಳು ಹರಿದುಬಂದವು. ಎಷ್ಟೋ ತರುಣರು ಹಗಲಿರುಳೆನ್ನದೆ ಅವನ್ನು ಮನೆಯಿಂದ ಮನೆಗೆ ಸಾಗಿಸಿದರು, ಪ್ರಾಣಗಳು ಉಳಿದವು. ಅಲೆ ಇಳಿಯಿತು. ಆಮೇಲೆ ಅನೇಕ ಯಂತ್ರಗಳು ಮೂಲೆ ಸೇರಿದವು. ಬಹುಕಾಲ ಬಳಸದೆ ಇಟ್ಟರೆ ಒಳಗಿನ ಹರಳುಗಳು ತೇವವನ್ನು ಹೀರಿ ತಮ್ಮ ಗುಣವನ್ನು ಕಳೆದುಕೊಳ್ಳುತ್ತವೆ. ಅಂದರೆ ಈ ಯಂತ್ರವು ಬಳಸಿ ಕೆಡುವುದಕ್ಕಿಂತ ಬಳಸದೆ ಕೆಡುವುದು ಹೆಚ್ಚು. ಕೊರೋನಾ ಇಳಿದರೂ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯವರು ಇದ್ದೇ ಇದ್ದಾರೆ. ಯಂತ್ರವೂ ಇತ್ತು, ರೋಗಿಯೂ ಇದ್ದನು. ಇಬ್ಬರನ್ನೂ ಕೂಡಿಸುವ ಒಂದು ದಫ್ತರವಿರಲಿಲ್ಲ.

ಎರವಲಿನ ಈ ಏರ್ಪಾಡಿಗೆ ಅಡ್ಡಿಗಳು ಇಲ್ಲದಿಲ್ಲ. ಸತ್ತವರು ಬಳಸಿದ ಮಂಚವನ್ನು ಮನೆಗೆ ತರುವುದು ಅಶುಭವೆಂದು ಹಲವರು ಅಂಜುತ್ತಾರೆ. ಈ ಅಂಜಿಕೆಯನ್ನು ನಕ್ಕು ತಳ್ಳಿಹಾಕುವುದು ತರವಲ್ಲ. ಅದರ ಹಿಂದೆ ಸಾವಿನ ನೋವಿದೆ. ಆದರೆ ಆಸ್ಪತ್ರೆಯ ಯಾವ ಮಂಚದ ಮೇಲೆ ಸಾವು ಸಂಭವಿಸಿಲ್ಲ? ಆ ಮಂಚದ ಮೇಲೆಯೇ ಮರುದಿನ ಇನ್ನೊಬ್ಬನು ಮಲಗಿ ಗುಣಹೊಂದಿ ಎದ್ದುಹೋಗುತ್ತಾನೆ. ಸೋಪು ನೀರಿನಿಂದಲೂ ಕ್ರಿಮಿನಾಶಕದಿಂದಲೂ ತೊಳೆದ ಮಂಚದ ಮೇಲೆ ಯಾವ ಅಶುಭವೂ ಉಳಿಯುವುದಿಲ್ಲ. ತಂದೆ ಕೊನೆಯುಸಿರೆಳೆದ ಮಂಚವು ಇನ್ನೊಬ್ಬರ ತಂದೆಗೆ ನೆಮ್ಮದಿಯ ನಿದ್ರೆಯನ್ನು ಕೊಟ್ಟರೆ ಅದಕ್ಕಿಂತ ಉತ್ತಮವಾದ ಶ್ರಾದ್ಧವುಂಟೆ?

ಒಯ್ದವರು ಹಿಂದಿರುಗಿಸುವುದಿಲ್ಲವೆಂಬುದು ಎರಡನೆಯ ಆಕ್ಷೇಪ. ಇದು ಸುಳ್ಳಲ್ಲ. ಆದರೆ ಪುಸ್ತಕಗಳು ಕಳೆಯುತ್ತವೆಯೆಂದು ಯಾರೂ ಗ್ರಂಥಾಲಯಗಳನ್ನು ಮುಚ್ಚಿಲ್ಲ. ಹೆಸರು, ವಿಳಾಸ, ಒಯ್ದ ದಿನ, ಮರಳಿಸುವ ದಿನ ಇವಿಷ್ಟನ್ನು ಬರೆದಿಡುವ ಒಂದು ಪುಸ್ತಕ, ಕೈಲಾದವರಿಂದ ಒಂದು ಚಿಕ್ಕ ಠೇವಣಿ, ತಿಂಗಳಿಗೊಮ್ಮೆ ಮನೆಗೆ ಹೋಗಿ ಯೋಗಕ್ಷೇಮ ವಿಚಾರಿಸುವ ಒಬ್ಬ ಸ್ವಯಂಸೇವಕ, ಇವಿದ್ದರೆ ಕಳೆಯುವುದು ಅಲ್ಪ, ಉಳಿಯುವುದು ಬಹಳ. ಕಡುಬಡವನಿಗೆ ಠೇವಣಿಯನ್ನು ಬಿಟ್ಟುಕೊಡಬಹುದು. ಅವನ ಮಾತೇ ಅವನ ಠೇವಣಿ.

ದುರಸ್ತಿಯೂ ಬೆಟ್ಟದಂಥ ಸಮಸ್ಯೆಯಲ್ಲ. ಮಡಿಸಬಹುದಾದ ಗಾಲಿಕುರ್ಚಿಯನ್ನು ೧೯೩೦ರ ದಶಕದಲ್ಲಿ ಅಮೆರಿಕದ ಹರ್ಬರ್ಟ್ ಎವರೆಸ್ಟ್ ಮತ್ತು ಹ್ಯಾರಿ ಜೆನಿಂಗ್ಸ್ ಎಂಬ ಎಂಜಿನಿಯರುಗಳು ರೂಪಿಸಿದರು. ಅವರಲ್ಲಿ ಎವರೆಸ್ಟನು ಗಣಿಯ ಅಪಘಾತದಲ್ಲಿ ನಡೆಯುವ ಶಕ್ತಿಯನ್ನು ಕಳೆದುಕೊಂಡವನು. ಅವರ ಕುರ್ಚಿಯನ್ನು ಮಡಿಸಿ ಕಾರಿನಲ್ಲಿಟ್ಟು ಒಯ್ಯಬಹುದಾಗಿತ್ತು. ಇಂದು ಒಂದು ಮನೆಯಿಂದ ಇನ್ನೊಂದು ಮನೆಗೆ ಕುರ್ಚಿಯು ಸುಲಭವಾಗಿ ಸಾಗುವುದಕ್ಕೆ ಆ ಮಡಿಕೆಯೇ ಕಾರಣ. ಅದರ ಕಡ್ಡಿ, ಗುಂಡು, ಟೈರುಗಳು ಬೈಸಿಕಲ್ಲಿನವುಗಳಂಥವೇ. ಊರಿನ ಸೈಕಲ್ ಅಂಗಡಿಯವನಿಗೆ ತಿಳಿಯದ ವಿದ್ಯೆ ಅದರಲ್ಲಿ ಬಹಳವಿಲ್ಲ. ಊರುಗೋಲಿನ ತುದಿಯ ರಬ್ಬರು ಸವೆದಿದ್ದರೆ ಅದನ್ನು ಬದಲಿಸಲು ಕೆಲವು ರೂಪಾಯಿಗಳು ಸಾಕು. ಬದಲಿಸದಿದ್ದರೆ ಒದ್ದೆ ನೆಲದ ಮೇಲೆ ಜಾರಿ ಇನ್ನೊಂದು ಮೂಳೆ ಮುರಿಯಬಹುದು.

ಒಂದು ಕೊಠಡಿ, ಒಂದು ದಫ್ತರ, ತೊಳೆಯಲು ನೀರು, ಅಳೆಯಲು ಬಲ್ಲ ಒಬ್ಬ ದಾದಿ, ಸರಿಪಡಿಸಲು ಬಲ್ಲ ಒಬ್ಬ ಕೆಲಸಗಾರ, ಇಷ್ಟಿದ್ದರೆ ಎರವಲಿನ ಮನೆ ಸಿದ್ಧವಾಯಿತು. ಅದು ಗ್ರಾಮ ಪಂಚಾಯಿತಿಯ ಕಟ್ಟಡದಲ್ಲಿರಬಹುದು, ಗ್ರಂಥಾಲಯದ ಪಕ್ಕದಲ್ಲಿರಬಹುದು, ಶಾಲೆಯ ಮಗ್ಗುಲಲ್ಲಿರಬಹುದು. ಯಾರ ಮನೆಯ ಅಟ್ಟದಲ್ಲಿ ಏನಿದೆ, ಯಾರ ಮನೆಯಲ್ಲಿ ಏನು ಬೇಕಾಗಿದೆ ಎಂಬುದನ್ನು ಊರಿನ ಮಕ್ಕಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಪಟ್ಟಿ ಮಾಡುವ ಕೆಲಸವನ್ನು ವಿದ್ಯಾರ್ಥಿಗಳೇ ಕೈಗೊಳ್ಳಬಹುದು.

ಮನುಷ್ಯನು ತನ್ನ ದೇಹವೇ ಎರವಲಿನದೆಂದು ಹೇಳುವುದುಂಟು. ಆ ಮಾತು ವೈರಾಗ್ಯಕ್ಕೆ ಮಾತ್ರ ಮೀಸಲಾಗಬೇಕಾಗಿಲ್ಲ. ಎರವಲಿನ ದೇಹಕ್ಕೆ ಎರವಲಿನ ಊರುಗೋಲು ಆಸರೆಯಾಗುವುದರಲ್ಲಿ ಕುಂದೇನೂ ಇಲ್ಲ. ಕುಂದಿರುವುದು, ಒಬ್ಬನನ್ನು ಎಬ್ಬಿಸಿ ನಿಲ್ಲಿಸಿದ ಊರುಗೋಲು ಇನ್ನೊಬ್ಬನು ಬಿದ್ದಿರುವಾಗಲೂ ಅಟ್ಟದಲ್ಲಿಯೇ ಮಲಗಿರುವುದರಲ್ಲಿ. ಗುಣಹೊಂದಿದವನು ತನ್ನ ಕಾಲ ಮೇಲೆ ನಡೆದುಕೊಂಡು ಹೋಗಿ ಆ ಊರುಗೋಲನ್ನು ಮರಳಿಸಿ ಬಂದ ದಿನವೇ ಅವನು ನಿಜವಾಗಿಯೂ ಗುಣಹೊಂದಿದ ದಿನ.